ನೋಂಬು, ನೋಂಪಿ

ಮುಹರ್ರಕ್ಕಿನಲ್ಲಿ, ಹಲ್ವದಂಗಡಿಯ ಮೇಲಿನ ಕೋಣೆಯಲ್ಲಿ
ಶುಕ್ರವಾರ ನಾಲ್ಕಕ್ಕೆ ನಮ್ಮ ಕನ್ನಡ ಶಾಲೆ.
ಹನ್ನೊಂದು ಮಕ್ಕಳು, ಒಂದು ಬಿಳಿ ಹಲಗೆ,
ತಲೆಯ ಮೇಲೇ ವಿಮಾನ ಇಳಿಯುವಾಗ
ಒತ್ತಕ್ಷರದ ಅರ್ಧದಲ್ಲೇ ನಿಲ್ಲುವ ಪಾಠ.
ಮಿಕ್ಕ ದಿನ ನಾನು ಆಸ್ಪತ್ರೆಯ ಉಗ್ರಾಣದಲ್ಲಿ
ಗ್ಲೂಕೋಸು ಬಾಟಲಿಗಳ ಲೆಕ್ಕ ಬರೆಯುವವಳು;
ಟೀಚರ್ ಎಂದರೆ ಈಗಲೂ ಹಿಂದೆ ತಿರುಗಿ ನೋಡುತ್ತೇನೆ.

ರಂಜಾನಿನ ಮೊದಲ ಶುಕ್ರವಾರ
ಮಕ್ಕಳ ನೀರಿನ ಬಾಟಲಿಗಳನ್ನೆಲ್ಲ ಬಾಚಿ
ಬೀರುವಿನೊಳಗಿಟ್ಟು ಚಿಲಕ ಹಾಕಿದೆ.
ಮಿಸ್ರಿಯಾಗೆ ಒಂಬತ್ತು. ಇದೇ ಮೊದಲ ಸಲ.
"ಅವಳೆದುರು ಯಾರೂ ಕುಡಿಯಬೇಡಿ" ಎಂದೆ,
ಎಲ್ಲ ಬಲ್ಲವರ ದನಿಯಲ್ಲಿ.

ಅವಳು ಪೆನ್ಸಿಲು ಕೆಳಗಿಟ್ಟಳು.
"ಕುಡೀಲಿ ಟೀಚರ್.
ನನ್ನ ನೋಂಬು ಅಷ್ಟು ಸಣ್ಣದಲ್ಲ."

ಚಿಲಕ ತೆಗೆದೆ.

ನೋಂಬು ಅಂದರೆ ಉಪವಾಸ, ಎಂದು ಶುರು ಮಾಡಿದೆ.
"ನಮ್ಮನ್ಯಾಗ ರೋಜಾ ಅಂತೀವ್ರಿ,
ನಾನೂ ಇಟ್ಟಿದ್ದೆ" ಎಂದ ಕಲಬುರಗಿಯ ತಬ್ರೇಜ.
"ಎಲ್ಲಿಟ್ಟೆ? ಕುಂಡದಲ್ಲಾ?"
ಹೂವೆಂದೇ ತಿಳಿದ ಇಂಚರಳ ಕಣ್ಣು ಅವನ ಚೀಲದ ಮೇಲೆ.
ಕೋಣೆಗೆ ಕೋಣೆಯೇ ನಕ್ಕಿತು. ಅವನೂ ನಕ್ಕ,
ಆಮೇಲೆ ಕಿವಿ ಕೆಂಪಗೆ ಮಾಡಿಕೊಂಡು,
"ನಂದು ಮಧ್ಯಾಹ್ನಕ್ಕ ಬಾಡಿತು."

ಹಿಂದಿನ ಬೆಂಚಿನಿಂದ ಸನ್ಮತಿಯ ಕೈ ಮೇಲೆ:
"ಮೂಡಬಿದಿರೆಯಲ್ಲಿ ನಮ್ಮಜ್ಜಿ ನೋಂಪಿ ಮಾಡ್ತಾರೆ.
ಅದೇನಾ ಇದು?"

ಎರಡೂ ಪದ ಹಲಗೆಯ ಮೇಲೆ ಬರೆದೆ.
ಒಂದು ಬ್ಯಾರಿ ಮನೆಯದು, ಒಂದು ಬಸದಿಯದು.
ಪ ಫ ಬ ಭ ಮ,
ಬೆರಳು ಮಡಚಿ ಎಣಿಸಿದರು ಮಕ್ಕಳು:
ಪ-ದಿಂದ ಬ-ಗೆ ನಡುವೆ ಒಂದೇ ಮನೆ.
ಯಾವುದು ಯಾವುದರಿಂದ ಬಂತು, ಕೇಳಿದರು.
ಗೊತ್ತಿಲ್ಲ ಎಂದೆ. ಅವತ್ತು ನಾನು ತಪ್ಪಿಲ್ಲದೆ
ಕಲಿಸಿದ್ದು ಅದೊಂದೇ ಇರಬೇಕು.

"ಹೊತ್ತು ಮುಳುಗಿದ ಮೇಲೆ ಅಜ್ಜಿ ಏನೂ ತಿನ್ನಲ್ಲ."
"ಹೊತ್ತು ಮುಳುಗಿದ ಮೇಲೇ ನಾವು ತಿನ್ನೋದು."
ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು,
ಒಂದೇ ಬಾಗಿಲಲ್ಲಿ
ಒಬ್ಬ ಹೊರಡುವಾಗ ಇನ್ನೊಬ್ಬಳು ಬಂದ ಹಾಗೆ.

ನಾನೇ ಬೆರಳಚ್ಚು ಮಾಡಿ ತಂದಿದ್ದ ಹಾಳೆ ಹಂಚಿದೆ.
ಪಾಠದ ಹೆಸರು: ನಮ್ಮ ಹಬ್ಬಗಳು.
ಐದನೆಯ ಸಾಲು:
ಅವರು ತಿಂಗಳಿಡೀ ಉಪವಾಸ ಇರುತ್ತಾರೆ.
ಮಿಸ್ರಿಯಾ ಗಟ್ಟಿಯಾಗಿ ಓದಿ ನಿಲ್ಲಿಸಿದಳು.
"ಅವರು ಅಂದ್ರೆ ಯಾರು ಟೀಚರ್?"
ಸಿಟ್ಟಿರಲಿಲ್ಲ. ವ್ಯಾಕರಣದ ಪ್ರಶ್ನೆ.
ಸರ್ವನಾಮ ಯಾರ ಬದಲಿಗೆ ಬಂದಿದೆ
ಎಂದು ಹೋದ ವಾರ ನಾನೇ ಕೇಳಲು ಕಲಿಸಿದ್ದೆ.

ಹನ್ನೊಂದು ಹಾಳೆಯಲ್ಲೂ ಆ ಸಾಲು ಹೊಡೆದುಹಾಕಿ
ಹೊಸದು ಬರೆಯಲು ಹೇಳಿದೆ.
ತಬ್ರೇಜನ ಹಾಳೆಯಲ್ಲಿ ಅವನು, ಅವನಮ್ಮ, ಸಮೋಸ.
ಇಂಚರ ಕುಂಡ ಬಿಡಿಸಿದ್ದಳು.
ಕೆಲವರು ಏನೂ ಬರೆಯಲಿಲ್ಲ, ಕಾಲು ಅಲ್ಲಾಡಿಸುತ್ತ ಕೂತರು.

ಐದೂವರೆ ದಾಟಿತು. ಕೆಳಗೆ ತಾಮ್ರದ ಹಂಡೆಯಿಂದ
ಏಲಕ್ಕಿ, ಕೇಸರಿಯ ಘಮ ಮೆಟ್ಟಿಲೇರಿ ಬಂತು.
ಸನ್ಮತಿಯ ಅಮ್ಮ ಕಟ್ಟಿಕೊಟ್ಟ ಚಪಾತಿ ಡಬ್ಬಿ;
ಕತ್ತಲಾಗುವ ಮೊದಲೇ ಮುಗಿಸಬೇಕೆಂಬ ಅಪ್ಪಣೆ.
ಅವನು ಮೆಲ್ಲುತ್ತ ಕೂತಿದ್ದ, ಎಂದಿನ ಹಾಗೆ, ಆನೆಯಂತೆ.
ಬೆಳಗಿನಿಂದ ಹನಿ ನೀರೂ ಮುಟ್ಟದವಳು
ಗಡಿಯಾರ ನೋಡಿ ಅವನನ್ನು ತಿವಿದಳು:
"ಬೇಗ ತಿನ್ನು ಮಾರಾಯ, ನಾಲ್ಕೇ ನಿಮಿಷ."

ಅವನು ಡಬ್ಬಿ ಮುಚ್ಚಿ, ಬಾಯಿ ಮುಕ್ಕಳಿಸಿ ಬಂದ.
ಅವಳ ಅಂಗೈಯಲ್ಲಿ ಒಂದು ಖರ್ಜೂರ, ಬೆವರಿತ್ತು.
ಫಿರಂಗಿ ಸಿಡಿಯುವ ಹೊತ್ತಿಗೇ ಬರಬೇಕೇ ವಿಮಾನ,
ಕಿಟಕಿ ಗಾಜು ನಡುಗಿಸುತ್ತ!
ಸಿಡಿಯಿತೋ ಇಲ್ಲವೋ, ಬಾಂಗು ಆಯಿತೋ,
ಒಂದೂ ಕೇಳಿಸದು.
ಅವಳು ನನ್ನ ಮುಖ ನೋಡಿದಳು,
ನಾನು ನನ್ನ ಕೈಗಡಿಯಾರ,
ಅದು ಸದಾ ಎರಡು ನಿಮಿಷ ಮುಂದೆ.

ಸನ್ಮತಿ ಕಿಟಕಿಯಲ್ಲಿ ಕತ್ತು ಚಾಚಿ ನಿಂತಿದ್ದ,
ಎದುರು ಮನೆಯ ಗಾಳಿಗೋಪುರದ ಸಂದಿಯಲ್ಲಿ ಕಣ್ಣಿಟ್ಟು,
ಅವನಜ್ಜಿ ಕಲಿಸಿದ್ದ ನೋಟ.
"ಮುಳುಗಿತು" ಎಂದ.
"ತಿನ್ನು."